ಸರ್ವೆಯವರು ನೆಟ್ಟ ಹಂದರಗಂಬ

ಮೊನ್ನೆ ಕಪಾಟಿನ ಕೆಳಗಿನ ಅರೆಯನ್ನು ಖಾಲಿ ಮಾಡುತ್ತಿದ್ದ ನನ್ನ ಹೆಂಡತಿ ಸರೋಜಾ, ಅಂಗೈಯಗಲದ ಕೆಂಪು ಬಟ್ಟೆಯ ಚೂರೊಂದನ್ನು ಎತ್ತಿ ಹಿಡಿದು, "ಇದನ್ನ ಇನ್ನೂ ಯಾಕ ಇಟ್ಟೀರಿ?" ಎಂದು ಕೇಳಿದಳು. ಇಟ್ಟವನು ನಾನಲ್ಲ, ಅವಳೇ. ಆದರೆ ಇಷ್ಟು ವರ್ಷ ಪತ್ರಿಕೆಯಲ್ಲಿ ದುಡಿದವನಿಗೆ ಎಲ್ಲಿ ಸ್ಪಷ್ಟನೆ ಕೊಡಬೇಕು, ಎಲ್ಲಿ ಕೊಡಬಾರದು ಎಂಬಷ್ಟು ತಿಳಿವಳಿಕೆ ಇರುತ್ತದೆ. "ಇರಲಿ ಬಿಡು" ಎಂದೆ. ಅವಳು ಅದನ್ನು ಇನ್ನೊಮ್ಮೆ ನೋಡಿದಳು, ನಕ್ಕಳು, ಮಡಚಿ ಇದ್ದಲ್ಲಿಯೇ ಇಟ್ಟಳು.

ಅದು ರೈಲು ಮಾರ್ಗದ ಸರ್ವೆಗೆ ಬಂದವರು ತಮ್ಮ ಕಂಬಕ್ಕೆ ಕಟ್ಟಿದ್ದ ಬಟ್ಟೆ. ಸರ್ಕಾರಿ ಸ್ವತ್ತು ನಿಮ್ಮ ಕಪಾಟಿನಲ್ಲಿ ಹೇಗೆ ಎಂದು ಯಾರಾದರೂ ತಕರಾರು ತೆಗೆದರೆ ನನ್ನ ಉತ್ತರ ಸಿದ್ಧವಿದೆ. ಅದಕ್ಕೆ ಅರಿಸಿನ ಹತ್ತಿದೆ. ಮರಳಿ ಕೊಟ್ಟರೂ ಅವರು ಒಯ್ಯುವುದಿಲ್ಲ.

ಬ್ಯಾಡಗಿಯವರಾದ ನಮಗೆ ಕೆಂಪು ಬಣ್ಣ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಬೇರೆ ಊರುಗಳಲ್ಲಿ ಕೆಂಪು ಎಂದರೆ ಅಪಾಯ, ನಿಲ್ಲು, ಹುಷಾರು. ನಮ್ಮಲ್ಲಿ ಮೆಣಸಿನಕಾಯಿಯ ಸುಗ್ಗಿ ಶುರುವಾಯಿತೆಂದರೆ ನೆಲ, ಚೀಲ, ಹಮಾಲರ ಬನಿಯನ್ನು, ದಲಾಲರ ಕನ್ನಡಕ ಎಲ್ಲವೂ ಅದೇ ಬಣ್ಣ. ನನ್ನ ತಂದೆ ಪೇಟೆಯಲ್ಲಿ ತೂಕದ ಕೆಲಸ ಮಾಡುತ್ತಿದ್ದರು. ಸಂಜೆ ಅವರು ಹೊಸ್ತಿಲಾಚೆ ನಿಂತು ಧೋತರ ಝಾಡಿಸಿದರೆ ಒಳಗೆ ಓದುತ್ತ ಕುಳಿತ ನಾವು ಅಣ್ಣತಮ್ಮಂದಿರು ವಯಸ್ಸಿನ ಪ್ರಕಾರ ಸಾಲಾಗಿ ಸೀನುತ್ತಿದ್ದೆವು. ನಮ್ಮ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ವ್ಯಾಪಾರಸ್ಥರು ಹೇಳುವುದು ಸತ್ಯ. ಆ ಸಂಗತಿಯನ್ನು ಮೂಗಿಗೆ ಮಾತ್ರ ಯಾರೂ ತಿಳಿಸಿಲ್ಲ. ನನ್ನ ಶಾಲೆಯ ಬಿಳಿ ಅಂಗಿ ಎಷ್ಟು ಒಗೆದರೂ ನಸುಗೆಂಪಾಗಿಯೇ ಇರುತ್ತಿತ್ತು. ಹಾಜರಿ ತೆಗೆದುಕೊಳ್ಳುವಾಗ ಮಾಸ್ತರರು ನನ್ನ ಹೆಸರಿನ ಬದಲು "ಏನಪಾ, ಪೇಟೆ ರೇಟು ಹೆಂಗೈತಿ?" ಎನ್ನುತ್ತಿದ್ದರು. ಮುಂದೆ ಹಾವೇರಿಯ ಪತ್ರಿಕಾ ಕಚೇರಿಗೆ ದಿನವೂ ರೈಲಿನಲ್ಲಿ ಓಡಾಡತೊಡಗಿದಾಗ ಇನ್ನೊಂದು ಗಮನಿಸಿದೆ. ರಾಣೇಬೆನ್ನೂರಿನಿಂದ ನಿದ್ದೆ ಮಾಡುತ್ತ ಬಂದವರು ನಮ್ಮ ಸ್ಟೇಷನ್ನಿನಲ್ಲಿ ಸೀನಿ ಎಚ್ಚರಗೊಂಡು, ಕಿಟಕಿಯಾಚೆ ನೋಡದೆಯೇ "ಬ್ಯಾಡಗಿ ಬಂತಲ್ಲ" ಎನ್ನುತ್ತಾರೆ.

ಇಂಥ ಊರಿನಲ್ಲಿ ಕಂಬಕ್ಕೆ ಕೆಂಪು ಬಟ್ಟೆ ಕಟ್ಟಿ ಎಚ್ಚರಿಕೆ ಕೊಡುತ್ತೇವೆ ಎಂದುಕೊಂಡರೆ ಅದು ಸರ್ವೆಯವರ ತಪ್ಪು, ನಮ್ಮದಲ್ಲ.

ನಮ್ಮ ಓಣಿ ಪೇಟೆಯ ಹಿಂದೆ, ಕೋಲ್ಡ್ ಸ್ಟೋರೇಜಿನ ಉದ್ದ ಗೋಡೆ ಮುಗಿಯುವಲ್ಲಿ ಇದೆ. ಮೂಲೆಯಲ್ಲೊಂದು ಹಿಟ್ಟಿನ ಗಿರಣಿ ಇರುವುದರಿಂದ ಗಿರಣಿ ಓಣಿ ಎನ್ನುತ್ತಾರೆ. ಗಿರಣಿಯ ಎದುರು ನೀಲವ್ವನ ಮನೆ, ಅದಾದ ಮೇಲೆ ನಮ್ಮದು. ನೀಲವ್ವ ಹರೆಯದಲ್ಲೇ ಗಂಡನನ್ನು ಕಳೆದುಕೊಂಡವಳು. ತುಂಬು ಬಿಡಿಸುವ ಕೆಲಸ, ಅಂದರೆ ಮೆಣಸಿನಕಾಯಿಯ ತೊಟ್ಟು ಮುರಿಯುವ ಕೆಲಸ ಮಾಡಿ ಮಗಳನ್ನು ಓದಿಸಿದಳು, ಮನೆಯನ್ನೂ ಕಟ್ಟಿಸಿದಳು. ಒಂದು ಸುಗ್ಗಿಗೆ ಅಡುಗೆಮನೆ, ಇನ್ನೊಂದು ಸುಗ್ಗಿಗೆ ಪಡಸಾಲೆ, ಮತ್ತೊಂದಕ್ಕೆ ಮೆಟ್ಟಿಲು. ಹೀಗಾಗಿ ಆ ಮನೆಯಲ್ಲಿ ಯಾವ ಎರಡು ಕೋಣೆಗಳ ನೆಲವೂ ಒಂದೇ ಮಟ್ಟದಲ್ಲಿಲ್ಲ. ಚಹಾ ತರುವವರು ಮೂರು ಕಡೆ ಹತ್ತಿ ಇಳಿದು ತರಬೇಕು. ಹೊಸಬರು ಎಡವಿದರೆ ನೀಲವ್ವ, "ಸಾವಕಾಶ ಬರ್ರಿ, ಆ ವರ್ಷ ಕಾಯಿ ಬೆಳಿ ಛಲೋ ಇತ್ತು, ಅದಕ್ಕ ಸ್ವಲ್ಪ ಎತ್ತರ ಆಗೇತಿ" ಎನ್ನುತ್ತಾಳೆ.

ಈ ಮನೆಯ ಮೇಲೆಯೇ ರೈಲು ಬರುತ್ತದೆ ಎಂಬ ಸುದ್ದಿ ಬಂತು.

ನಮ್ಮ ಭಾಗದಿಂದ ಘಟ್ಟ ಇಳಿದು ಕರಾವಳಿ ಸೇರುವ ಹೊಸ ಮಾರ್ಗವೊಂದರ ಮಾತು ನಡೆದಿತ್ತು. ಮೊದಲ ನಕ್ಷೆಯಲ್ಲಿ ಅದು ಊರಾಚೆಯ ಖಾಲಿ ಜಾಗದಲ್ಲಿ ಹಾದುಹೋಗುತ್ತಿತ್ತು. ಆಮೇಲೆ ಏನೋ ಅನುಕೂಲ ನೋಡಿ ಅದನ್ನು ಸ್ವಲ್ಪ ಬಾಗಿಸಿದರು. ನಕ್ಷೆಯಲ್ಲಿ ಆ ಬಾಗು ಉಗುರಿನಷ್ಟು. ನೆಲದ ಮೇಲೆ ಅದು ಗಿರಣಿ, ನೀಲವ್ವನ ಪಡಸಾಲೆ, ನಮ್ಮ ಬಚ್ಚಲು ಮತ್ತು ಹಿಂದಿನ ಶಾಲೆಯ ದಾರಿ.

ಗಿರಣಿಯ ಮುಂದೆ ಸಭೆ ಸೇರಿತು. ಗಿರಣಿಯ ಮಾಲೀಕ ಮಲ್ಲೇಶಪ್ಪ ಯಂತ್ರ ನಿಲ್ಲಿಸಿ ಹೊರಬಂದದ್ದರಿಂದ ಅವನ ಹುಬ್ಬಿನ ಮೇಲೆಲ್ಲ ಹಿಟ್ಟಿತ್ತು. ಸಿಟ್ಟಿನ ಮಾತಾಡಿದರೂ ಅಜ್ಜನ ಬುದ್ಧಿವಾದದ ಹಾಗೆ ಕಾಣುತ್ತಿತ್ತು.

"ಮೀನ ತರೂ ಗಾಡಿ ನಮ್ಮ ಪಡಸಾಲ್ಯಾಗಿಂದ ಹೋಗಬೇಕೇನ್ರಿ?" ಎಂದ.

"ಹುಡುಗ್ರು ಹಳಿ ದಾಟಿ ಸಾಲಿಗೆ ಹೋಗೂದು ಹೆಂಗ?" ಎಂದಳು ಸರೋಜಾ.

"ಗೋಕರ್ಣಕ್ಕ ಹೋಗಾಕ ಛಲೋ ಆಕ್ಕೈತಿ ಬಿಡ್ರಿ" ಎಂದು ಹಿಂದಿನಿಂದ ಯಾರೋ ಸಮಾಧಾನ ಹೇಳಿದರು.

"ಹೋಗಿ ಹೊಳ್ಳಿ ಬರಾಕ ಮನಿ ಇರಬೇಕಲ್ಲೋ!" ಎಂದು ಮಲ್ಲೇಶಪ್ಪ ಹಿಟ್ಟು ಉದುರಿಸಿದ.

ಎಲ್ಲರೂ ನನ್ನತ್ತ ನೋಡಿದರು. ನಾನು ಅಭ್ಯಾಸದಂತೆ, "ಅಧಿಕೃತವಾಗಿ ಇನ್ನೂ ಏನೂ ತಿಳಿದುಬಂದಿಲ್ಲ" ಎಂದೆ.

"ಪೇಪರ್ ಸಾಹೇಬ್ರಿಗೆ ಗಾಡಿ ಎದಿ ಮ್ಯಾಲೆ ಬಂದ ನಿಂತ ಮ್ಯಾಲೆ ತಿಳದ ಬರ್ತೈತಿ" ಎಂದ ಮಲ್ಲೇಶಪ್ಪ. ಸಭೆ ನಕ್ಕಿತು. ಅದೊಂದೇ ಆ ದಿನ ಸರ್ವಾನುಮತದಿಂದ ನಡೆದದ್ದು.

ನನ್ನ ಕಷ್ಟ ಬೇರೆ ಇತ್ತು. ಸ್ವಂತ ಬಚ್ಚಲಿನ ಮೇಲೆ ಬರುವ ರೈಲಿನ ಸುದ್ದಿಯನ್ನು ನಾನೇ ಬರೆಯುವುದು ವೃತ್ತಿಧರ್ಮವಲ್ಲ. ರಾಣೇಬೆನ್ನೂರಿನ ನಮ್ಮ ವರದಿಗಾರನಿಗೆ ಒಪ್ಪಿಸಿದೆ. ಅವನು ಫೋನು ಮಾಡಿ ನನ್ನ ಅಭಿಪ್ರಾಯ ಕೇಳಿದ. ನಾನು ಹಿನ್ನೆಲೆ, ಸಮಸ್ಯೆ, ಪರಿಹಾರ ಎಂದು ಕ್ರಮವಾಗಿ, ಬೇಕಾದಲ್ಲಿ ನಿಲ್ಲಿಸಿ, ಅವನು ಬರೆದುಕೊಳ್ಳಲು ಅನುಕೂಲವಾಗುವಂತೆ ಮಾತಾಡಿದೆ. ಹೆಸರು ಹಾಕಬೇಡ ಎಂದೂ ಹೇಳಿದೆ. ಮರುದಿನ ಪತ್ರಿಕೆಯಲ್ಲಿ, "ಮಾರ್ಗ ಬದಲಿಸಿದರೆ ಅನುಕೂಲ ಎಂದು ಹೆಸರು ಹೇಳಲಿಚ್ಛಿಸದ ನಿವಾಸಿಯೊಬ್ಬರು ಅಭಿಪ್ರಾಯಪಟ್ಟರು" ಎಂದಿತ್ತು. ಎಷ್ಟೋ ಜನರ ಭಾಷಣಗಳನ್ನು ನಾನು ಒಂದು ಸಾಲಿಗೆ ಇಳಿಸಿದ್ದೇನೆ. ಕತ್ತರಿಯ ಆ ಕಡೆ ನಿಂತದ್ದು ಅದೇ ಮೊದಲು. ಸರೋಜಾ ಅದನ್ನು ಗಟ್ಟಿಯಾಗಿ ಓದಿ, "ಯಾರರೀ ಇಂವಾ, ಹೆಸರು ಹೇಳಾಕ ಅಂಜೂ ಮನಶ್ಯಾ?" ಎಂದಳು. ನಾನು ಚಹಾ ಕುಡಿದೆ.

ಓಣಿಯವರೆಲ್ಲ ಹಾವೇರಿಗೆ ಹೋಗಿ ಅಧಿಕಾರಿಗಳ ಮುಂದೆ ಅಹವಾಲು ಹೇಳಿಕೊಂಡೆವು. ಮಲ್ಲೇಶಪ್ಪ ದಾರಿಯುದ್ದಕ್ಕೂ ಕಂಠಪಾಠ ಮಾಡಿದ ಭಾಷಣ ಕಚೇರಿಯ ಫ್ಯಾನಿನ ಕೆಳಗೆ ಹಾರಿಹೋಯಿತು. ಕೊನೆಗೆ ಮಾತಾಡಿದವಳು ನೀಲವ್ವ. "ಸಾಹೇಬ್ರ, ನನ್ನ ಮನಿ ಸಣ್ಣದು, ರೈಲು ದೊಡ್ಡದು. ಸುತ್ತ ಹಾಕಿ ಹೋಗೂ ಶಕ್ತಿ ಇಬ್ರೊಳಗ ಯಾರಿಗೈತಿ, ನೀವ ಹೇಳ್ರಿ." ಅಧಿಕಾರಿ ಪೆನ್ನು ಕೆಳಗಿಟ್ಟು, ಇನ್ನೊಮ್ಮೆ ಸರ್ವೆ ಮಾಡಿಸಲು ಬರೆಯುತ್ತೇನೆ ಎಂದರು. ಬರೆಯುತ್ತೇನೆ ಎಂದಾಗ ಪೆನ್ನು ಕೆಳಗಿಟ್ಟದ್ದನ್ನು ನಾನು ಗಮನಿಸಿದ್ದೆ. ಆದರೆ ಅವರು ಮಾತು ಉಳಿಸಿಕೊಂಡರು.

ಈ ನಡುವೆ ನೀಲವ್ವನ ಮಗಳು ರೂಪಾಳ ಮದುವೆ ನಿಶ್ಚಯವಾಯಿತು. ರೂಪಾ ಕೋಲ್ಡ್ ಸ್ಟೋರೇಜಿನ ಕಚೇರಿಯಲ್ಲಿ ಕಂಪ್ಯೂಟರಿನ ಮುಂದೆ ಕೂರುವ ಹುಡುಗಿ, ವರ ರಾಣೇಬೆನ್ನೂರಿನವನು. ಕಲ್ಯಾಣ ಮಂಟಪದಲ್ಲಿ ಮಾಡು ಎಂದು ಓಣಿಯವರೆಲ್ಲ ಬುದ್ಧಿ ಹೇಳಿದರು. ನೀಲವ್ವ ಒಪ್ಪಲಿಲ್ಲ. "ಮನಿ ಉಳೀತೈತೋ ಇಲ್ಲೋ ಗೊತ್ತಿಲ್ಲ. ಇದರ ಮುಂದ ಒಂದರ ಹಂದರ ಬೀಳ್ಲಿ. ಇದು ಒಂದು ಮದಿವಿ ನೋಡ್ಲಿ" ಎಂದಳು. ಇದು ಎಂದಾಗ ಅವಳು ಗೋಡೆಯ ಮೇಲೆ ಕೈಯಿಟ್ಟಿದ್ದಳು.

ಮನೆಯ ಮುಂದೆ ಹಂದರ, ಅಂದರೆ ಚಪ್ಪರ ಹಾಕುವ ಮೊದಲು ಹಂದರಗಂಬ ನೆಡಬೇಕು. ಅದನ್ನು ನೆಡುವವನು ಹುಡುಗಿಯ ಸೋದರಮಾವ. ಐದು ಜನ ಮುತ್ತೈದೆಯರು ಅರಿಸಿನ ಕುಂಕುಮ ಹಚ್ಚಿ, ಹಳದಿ ಬಟ್ಟೆಯಲ್ಲಿ ನವಧಾನ್ಯದ ಗಂಟು ಕಟ್ಟಿ ಪೂಜಿಸಿದರೆಂದರೆ ಮದುವೆ ಮುಗಿಯುವ ತನಕ ಅದನ್ನು ಯಾರೂ ಮುಟ್ಟುವಂತಿಲ್ಲ. ರೂಪಾಳ ಸೋದರಮಾವ ಹಲಗೇರಿಯ ಫಕ್ಕೀರಪ್ಪ, ನೀಲವ್ವನ ತಮ್ಮ. "ನಸುಕಿನ್ಯಾಗ ಬಂದು ಕಂಬ ನೆಟ್ಟು, ಹಂಗ ಪೇಟಿಗೆ ಹೋಗ್ತೇನಬೇ" ಎಂದು ಹಿಂದಿನ ಸಂಜೆ ಫೋನಿನಲ್ಲಿ ಹೇಳಿದ್ದ.

ಬೆಳಿಗ್ಗೆ ನೀಲವ್ವ ಬಾಗಿಲು ತೆಗೆದರೆ ಅಂಗಳದಲ್ಲಿ ನೆಟ್ಟಗೆ ಕಂಬ ನಿಂತಿತ್ತು. ತುದಿಗೆ ಕೆಂಪು ಬಟ್ಟೆ. ಫಕ್ಕೀರಪ್ಪ ಇಲ್ಲ.

"ನಮ್ಮ ತಮ್ಮಗ ಯಾವಾಗಲೂ ಗಡಿಬಿಡಿ. ನೆಟ್ಟು ಪೇಟಿಗೆ ಓಡ್ಯಾನ ನೋಡ್ರಿ" ಎಂದು ಅವಳು ಓಣಿಯ ಹೆಂಗಸರನ್ನು ಕೂಗಿದಳು. ಫೋನು ಹಚ್ಚಿದರೆ ಅವನು ಎತ್ತಲಿಲ್ಲ. ಗಳಿಗೆ ಮೀರುತ್ತಿತ್ತು. ಸರೋಜಾ ಸೇರಿ ಐವರು ಮುತ್ತೈದೆಯರು ಸೋಬಾನೆ ಹಾಡುತ್ತ ಕಂಬಕ್ಕೆ ಅರಿಸಿನ ಬಳಿದರು, ಗಂಟು ಕಟ್ಟಿದರು, ಆರತಿ ಎತ್ತಿದರು. ನೀಲವ್ವ ಹೊಸ್ತಿಲಿನಲ್ಲಿ ನಿಂತು, "ಬುಡಕ್ಕ ಹಾಲ ಹಾಕ್ರೆವಾ, ಬುಡಕ್ಕ" ಎಂದು ನಿರ್ದೇಶಿಸಿದಳು.

ಆಗ ನಾನೆಲ್ಲಿದ್ದೆ? ನಮ್ಮ ಕಟ್ಟೆಯ ಮೇಲೆ, ಚಹಾ ಕಪ್ಪಿನೊಂದಿಗೆ. ಕಂಬದ ನಡುವೆ ಬಿಳಿ ಬಣ್ಣದಲ್ಲಿ ಏನೋ ಅಂಕಿ ಬರೆದದ್ದು ನನಗೆ ಚೆನ್ನಾಗಿ ಕಾಣುತ್ತಿತ್ತು. ಶಾಮಿಯಾನದ ಅಂಗಡಿಯವರ ನಂಬರು ಎಂದುಕೊಂಡೆ. ಸರ್ವೆಯವರು ಈ ಮೊದಲು ಬಂದಾಗ ಕಲ್ಲು ನೆಟ್ಟು ಹೋಗಿದ್ದರು. ಓಣಿಯವರೆಲ್ಲ ಕಲ್ಲಿಗಾಗಿ ಕಣ್ಣಿಟ್ಟು ಕಾಯುತ್ತಿದ್ದೆವೇ ಹೊರತು ಕಂಬ ಬಂದೀತೆಂದು ಯಾರಿಗೂ ಹೊಳೆದಿರಲಿಲ್ಲ. ಅಂದು ಪೇಟೆಯ ದಿನ. ಲಾರಿ, ಟ್ರ್ಯಾಕ್ಟರು ರಸ್ತೆ ತುಂಬುವ ಮೊದಲೇ ಅಳತೆ ಮುಗಿಸಬೇಕೆಂದು ಅವರು ನಸುಕಿನಲ್ಲಿ ಬಂದು, ಕಂಬ ನೆಟ್ಟು, ಮಂಡಕ್ಕಿ ಮಿರ್ಚಿ ತಿನ್ನಲು ಹೋಗಿದ್ದರು.

ಮೊದಲು ಬಂದವನು ಫಕ್ಕೀರಪ್ಪ. ಟೆಂಪೋದಲ್ಲಿ ಎಲೆ ಸಮೇತವಾದ ಹಸಿ ಅತ್ತಿಯ ಕಂಬ.

"ಇದೇನಬೇ ಅಕ್ಕಾ, ಕಂಬ ಯಾರು ನೆಟ್ಟಾರ?"

"ನೀನ!"

"ನಾ ಈಗ ಬಂದೇನಿ. ಟೆಂಪೋದ ಗಾಲಿ ಪಂಚರ್ ಆಗಿತ್ತು."

"ಮತ್ತ ಇದನ್ನ ನೆಟ್ಟಾಂವ ಯಾರೋ?"

ಅಷ್ಟರಲ್ಲಿ ನೆಟ್ಟವನೇ ಬಂದ. ಪ್ರಶಾಂತ ಎಂಬ ಯುವ ಎಂಜಿನಿಯರು, ಕುಂದಾಪುರದ ಕಡೆಯವನು. ಹೆಗಲ ಮೇಲೆ ಮೂರು ಕಾಲಿನ ಯಂತ್ರ, ಕೈಯಲ್ಲಿ ಉಳಿದ ಅರ್ಧ ಮಿರ್ಚಿ. ಕಂಬವನ್ನು ನೋಡಿ ಅಲ್ಲಿಯೇ ನಿಂತ. "ಅಯ್ಯೋ ಮಾರಾಯ್ರೆ, ಇದು ನಮ್ಮ ಸರ್ವೆ ಕಂಬ. ಇದಕ್ಕೆ ಏನು ಮಾಡಿದ್ದೀರಿ?"

ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಕಿತ್ತು ಬಿಸಾಡಿ ಎಂದು ಮಲ್ಲೇಶಪ್ಪ ಮುನ್ನುಗ್ಗಿದ. ನೀಲವ್ವ ಅಡ್ಡ ನಿಂತಳು. "ಕೈ ಹಚ್ಚಬ್ಯಾಡ್ರಿ. ಪೂಜಿ ಆಗೇತಿ. ಇನ್ನ ಇದು ನನ್ನ ಮಗಳ ಹಂದರಗಂಬ."

"ಇದು ರೈಲಿನವರ ಕಂಬ ಐತಿ ನೀಲವ್ವಾ!"

"ನಿನ್ನಿತನಕ ಇತ್ತು."

"ಹಂಗಾರ ನನ್ನ ಕಂಬ?" ಎಂದ ಫಕ್ಕೀರಪ್ಪ, ಅತ್ತಿಯ ಎಲೆಗಳ ನಡುವೆ ಮುಖ ಸಣ್ಣದು ಮಾಡಿಕೊಂಡು. ಒಂದು ಮದುವೆಗೆ ಎರಡು ಹಂದರಗಂಬ ಇರುವುದಿಲ್ಲ. ಅವನ ಕಂಬ ಹಿತ್ತಲಿನ ನೀರಿನ ತೊಟ್ಟಿಯಲ್ಲಿ ನಿಂತಿತು. ಅವನು ಊಟ ಮಾಡದೆ ಹೋದ. ಆಮೇಲೆ ದಿನವೂ ಹಲಗೇರಿಯಿಂದ ಫೋನು ಮಾಡಿ, ಮದುವೆಯ ಕೆಲಸ ಹೇಗೆ ನಡೆದಿದೆ ಎಂದು ಕೇಳದೆ, "ನನ್ನ ಕಂಬ ಹೆಂಗೈತಿ?" ಎಂದಷ್ಟೇ ಕೇಳುತ್ತಿದ್ದ.

ಪ್ರಶಾಂತ ಕೈ ಮುಗಿದು ಒಂದೇ ಮಾತು ಕೇಳಿಕೊಂಡ. "ಆಯಿತಮ್ಮಾ, ಇರಲಿ. ದಯವಿಟ್ಟು ಅಲುಗಾಡಿಸಬೇಡಿ, ಅಳತೆ ತಪ್ಪುತ್ತದೆ." ಅಲುಗಾಡಿಸಬಾರದು ಎಂಬ ವಿಷಯದಲ್ಲಿ ಸರ್ವೆಯವರಿಗೂ ನಮ್ಮ ಓಣಿಯ ಹೆಂಗಸರಿಗೂ ಪೂರ್ಣ ಒಮ್ಮತವಿತ್ತು. ಕಂಬದ ಸುತ್ತ ಚಪ್ಪರ ಎದ್ದಿತು.

ಮದುವೆಗೆ ಎರಡು ದಿನ ಇರುವಾಗ ಅವನು ಓಡುತ್ತ ಬಂದ. ಮುಖದಲ್ಲಿ ಖುಷಿ, ಕಾಲಲ್ಲಿ ಗಾಬರಿ. ಮಾರ್ಗ ಮೊದಲಿನ ಹಾಗೆ ಊರಾಚೆಯಿಂದಲೇ ಹೋಗಬಹುದು ಎಂದು ಅವನ ಅಳತೆ ಹೇಳಿತ್ತು. ಮರುದಿನ ಹಿರಿಯ ಅಧಿಕಾರಿ ಸ್ವತಃ ನೋಡಲು ಬರುವವರಿದ್ದರು. "ಇಲ್ಲಿ ನಮ್ಮ ಕಂಬ ನಿಂತಿದ್ದರೆ ಈ ಓಣಿಯ ಮಾರ್ಗವೂ ಪರಿಶೀಲನೆಯಲ್ಲಿದೆ ಎಂದೇ ಅರ್ಥ. ಇವತ್ತೇ ತೆಗೆದುಬಿಡಬೇಕು. ತೆಗೆದರೆ ನಿಮ್ಮ ಮನೆ ಉಳಿದ ಹಾಗೆ."

ಓಣಿಯಲ್ಲಿ ಜೈಕಾರವಾಯಿತು. ಜೈಕಾರ ನಿಂತ ಮೇಲೆ ಎಲ್ಲರಿಗೂ ಕಂಬ ಕಂಡಿತು.

"ಮದಿವಿ ಆಗೂತನಕ ಕೀಳಾಂಗಿಲ್ಲ" ಎಂದಳು ನೀಲವ್ವ. ದನಿಯಲ್ಲಿ ಹಟವಿರಲಿಲ್ಲ, ಭಯವಿತ್ತು. ತನ್ನ ಮದುವೆ ಹೆಚ್ಚು ಕಾಲ ಬಾಳಲಿಲ್ಲ, ಮಗಳದಕ್ಕೆ ಒಂದು ಕೊರತೆಯೂ ಇರಬಾರದು ಎಂದು ಅವಳು ಸರೋಜಾಳೊಡನೆ ಹೇಳಿಕೊಂಡದ್ದು ನನಗೆ ಗೊತ್ತಿತ್ತು.

"ಕಂಬ ಕೀಳ್ಳಿಲ್ಲಂದ್ರ ಮನಿ ಕೀಳ್ತಾರಬೇ" ಎಂದ ಮಲ್ಲೇಶಪ್ಪ, ಈ ಸಲ ಮೆಲ್ಲಗೆ. ರೂಪಾ, "ಅವ್ವಾ, ನನಗೇನೂ ಆಗೂದಿಲ್ಲ, ತೆಗೀಲಿ ಬಿಡು" ಎಂದಳು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಎರಡೂ ಕಡೆಯ ವಾದವನ್ನು ಸಮತೋಲದಿಂದ ಮಂಡಿಸಿ ಮನೆಯನ್ನು ಕಳೆದಿರುತ್ತಿದ್ದೆ.

ನೀಲವ್ವ ಕಂಬದ ಬುಡದಲ್ಲಿ ಕುಳಿತು ಮಣ್ಣನ್ನು ಬೆರಳಿನಿಂದ ಕೆದಕಿದಳು. ಆಮೇಲೆ ಎದ್ದು, "ಫಕ್ಕೀರಪ್ಪಗ ಫೋನ್ ಹಚ್ಚ" ಎಂದಳು ಮಗಳಿಗೆ. "ಲಗೂನ ಬಾ ಅನ್ನು. ಕಂಬ ಹೋಗ್ಲಿ. ಕುಣಿ ಬರಿದ ಇರಬಾರದು, ಅಷ್ಟ."

ಏರ್ಪಾಟು ಹೀಗಿತ್ತು. ಸರ್ವೆಯ ಕಂಬ ಮೇಲೇಳುತ್ತಿದ್ದ ಹಾಗೆಯೇ, ಗುಂಡಿಗೆ ಮಣ್ಣು ಕುಸಿಯುವ ಮೊದಲು, ಅತ್ತಿಯ ಕಂಬ ಅದೇ ಕುಣಿಗೆ ಇಳಿಯಬೇಕು. ಗಂಟು ಅದರಿಂದ ಇದಕ್ಕೆ ಬರಬೇಕು. ಮೊದಲು ನೆಟ್ಟವನ ಕೈ ಎರಡಕ್ಕೂ ತಗಲಬೇಕು.

"ನಾನೇ?" ಎಂದ ಪ್ರಶಾಂತ.

"ನೀನ. ನೆಟ್ಟಾಂವ ನೀನಲ್ಲ? ಸೋದರಮಾವನ ಕೆಲಸ ಮಾಡೀದಿ. ಹೋಗು, ಜಳಕ ಮಾಡಿ ಬಾ. ಪ್ಯಾಂಟಿನ್ಯಾಗ ಮಾಡೂ ಕೆಲಸ ಅಲ್ಲ ಇದು."

ಅವನು ನಮ್ಮ ಬಚ್ಚಲಿನಲ್ಲಿ, ಅಂದರೆ ಅವನ ಹಳೆಯ ನಕ್ಷೆಯ ಪ್ರಕಾರ ಹಳಿಗಳ ನಡುವೆ, ಸ್ನಾನ ಮಾಡಿದ. ನನ್ನ ಧೋತರ ಅವನ ಮೊಣಕಾಲಿನ ಸ್ವಲ್ಪ ಕೆಳಗೆ ಮುಗಿಯಿತು. ಸಂಜೆಯ ಹೊತ್ತಿಗೆ ಹಲಗೇರಿಯಿಂದ ಬಂದಿಳಿದ ಫಕ್ಕೀರಪ್ಪ ತೊಟ್ಟಿಯಿಂದ ತನ್ನ ಕಂಬ ಎತ್ತಿಕೊಂಡು ಸಿದ್ಧನಾಗಿದ್ದ. ತುದಿಯಲ್ಲಿ ಹೊಸ ಚಿಗುರು ಬಂದಿತ್ತು. ಅದನ್ನು ಎಲ್ಲರಿಗೂ ತೋರಿಸಿದ. ಆದರೆ ಪ್ರಶಾಂತ ಕೈ ಚಾಚಿದಾಗ ಸರಿದು ನಿಂತ.

"ಇಂವಾ ಯಾರು ನನ್ನ ಕಂಬಕ್ಕ ಕೈ ಹಚ್ಚಾಕ?"

"ನಿನಗಿಂತ ಮದ್ಲ ಬಂದಾಂವ" ಎಂದಳು ನೀಲವ್ವ. "ಇಬ್ರೂ ಹಿಡೀರಿ. ಗಾಲಿ ಪಂಚರ್ ಆಗದಿದ್ರ ಈ ರಾಮಾಯಣ ಇರತಿರಲಿಲ್ಲ."

ಸೋಬಾನೆ ಶುರುವಾಯಿತು. ಒಂದು ಕಂಬ ಎದ್ದಿತು, ಇನ್ನೊಂದು ಇಳಿಯಿತು. ಮಣ್ಣು ಉದುರಲು ಸಮಯ ಸಿಗಲಿಲ್ಲ. ಸರೋಜಾ ಗಂಟು ಬಿಚ್ಚಿ ಕಟ್ಟುವ ಭರದಲ್ಲಿ ಕೆಂಪು ಬಟ್ಟೆಯೂ ಅವಳ ಕೈಗೆ ಬಂತು. ಅಷ್ಟರಲ್ಲಿ ಪ್ರಶಾಂತ ಒಂದು ಕಣ್ಣು ಮುಚ್ಚಿ, "ಮಾಮಾ, ಸ್ವಲ್ಪ ಎಡಕ್ಕೆ. ಇನ್ನೂ ಸ್ವಲ್ಪ. ವಾಲಿದೆ" ಎನ್ನತೊಡಗಿದ.

"ಹಂದರಗಂಬ ಐತಪಾ ತಮ್ಮಾ, ಸಿಗ್ನಲ್ ಕಂಬ ಅಲ್ಲ" ಎಂದು ಫಕ್ಕೀರಪ್ಪ ಗದರಿದ. ಆದರೂ ಎಡಕ್ಕೆ ಸರಿಸಿದ. ಮಾಮಾ ಎಂದದ್ದು ಅವನ ಕಿವಿಗೆ ಬಿದ್ದಿರಬೇಕು.

ಮರುದಿನ ಹಿರಿಯ ಅಧಿಕಾರಿ ಬಂದರು. ಓಣಿಯ ತುದಿಯಲ್ಲಿ ಜೀಪು ನಿಲ್ಲಿಸಿ, ಚಪ್ಪರ, ತೋರಣ, ಬಾಣಲೆ, ಅದರ ಸುತ್ತ ಕುಳಿತ ಹೆಂಗಸರನ್ನು ನೋಡಿದರು. "ಇಲ್ಲಿ ನಮ್ಮದೇನಾದರೂ ಇದೆಯೇ?" ಎಂದು ಕೇಳಿದರು. "ಇಲ್ಲ ಸರ್" ಎಂದ ಪ್ರಶಾಂತ. ಅಂದು ಅವನು ಆಡಿದ ಮಾತುಗಳಲ್ಲಿ ಅದಕ್ಕಿಂತ ನಿಖರವಾದದ್ದು ಇರಲಿಲ್ಲ. ಜೀಪು ಊರಾಚೆಯ ಖಾಲಿ ಜಾಗದ ಕಡೆ ತಿರುಗಿತು. ಸಂಜೆಯ ಹೊತ್ತಿಗೆ ಮಾರ್ಗ ಅಲ್ಲಿಂದಲೇ ಎಂದು ಖಚಿತವಾಯಿತು. ಅಧಿಕೃತವಾಗಿ ಎಂದು ನಾನು ಸೇರಿಸಿದೆ. ಈ ಸಲ ಯಾರೂ ನಗಲಿಲ್ಲ, ಮಲ್ಲೇಶಪ್ಪ ಅಪ್ಪಿಕೊಂಡ. ನನ್ನ ಅಂಗಿಯೆಲ್ಲ ಹಿಟ್ಟಾಯಿತು.

ಮದುವೆಯ ದಿನ ನೀಲವ್ವ ಪ್ರಶಾಂತನನ್ನು ಬಿಡಲಿಲ್ಲ. ಫಕ್ಕೀರಪ್ಪನ ಪಕ್ಕದಲ್ಲಿ, ಮಾವಂದಿರ ಸಾಲಿನಲ್ಲಿ ಕೂರಿಸಿ, ಇಬ್ಬರಿಗೂ ಒಂದೇ ಅಂಚಿನ ಪಂಚೆ ಉಡುಗೊರೆ ಕೊಟ್ಟಳು. ಅಕ್ಕಿಕಾಳು ಬಿದ್ದು ಮದುವೆ ಮುಗಿದ ಮೇಲೆ ಬೀಗರು ಪರಿಚಯಕ್ಕೆ ಬಂದರು. ವರನ ತಂದೆ ಪ್ರಶಾಂತನನ್ನು ಮೇಲಿಂದ ಕೆಳಗೆ ನೋಡಿ, "ಇವರು ಯಾವೂರಿನ ಮಾವ್ರಿ?" ಎಂದು ಕೇಳಿದರು.

"ಕುಂದಾಪುರದ ಹತ್ತಿರ" ಎಂದ ಪ್ರಶಾಂತ.

"ಅಲ್ಲಿಂದ ಇಲ್ಲಿತನಕ ಸಂಬಂಧ ಹೆಂಗ ಬಂತ್ರಿ?"

ಪ್ರಶಾಂತ ಬಾಯಿ ತೆರೆದ. ಆದರೆ ಫಕ್ಕೀರಪ್ಪ ಅವನ ಹೆಗಲ ಮೇಲೆ ಕೈ ಹಾಕಿ ತಾನೇ ಉತ್ತರ ಕೊಟ್ಟ.

"ಸಮುದ್ರದಿಂದ ಲೈನ್ ಹಾಕ್ಕೋಂತ ಬಂದಾನ್ರಿ ನನ್ನ ತಮ್ಮ. ನಮ್ಮಕ್ಕನ ಮನಿ ಅಡ್ಡ ಬಂತು ನೋಡ್ರಿ, ಲೈನ್ ಹೊಳ್ಳಿಸಿ ತಾ ಇಲ್ಲೇ ಕುಂತಾನ."